‘ಹಿಮಪಾತ’ ಎಂದು ಬರೆದು ಮುಗಿಸಬೇಡಿ: ವಸಂತದ ಹಿಮಕ್ಕೆ ಹೊತ್ತುಗೊತ್ತಿದೆ

ಮಾನ್ಯ ಸಂಪಾದಕರೇ,

ಮಾರ್ಚ್ ಕಳೆದು ಏಪ್ರಿಲ್ ಬಂತೆಂದರೆ ಪತ್ರಿಕೆಗಳ ಒಳಪುಟಗಳಲ್ಲಿ ಒಂದೇ ಅಚ್ಚಿನ ಸುದ್ದಿಯೊಂದು ಎರಡು ಮೂರು ಬಾರಿಯಾದರೂ ಕಾಣಿಸಿಕೊಳ್ಳುತ್ತದೆ. ಯಾವುದೋ ಪರ್ವತಶ್ರೇಣಿಯಲ್ಲಿ ಸ್ಕೀ ಮಾಡುತ್ತಿದ್ದ ಇಷ್ಟು ಮಂದಿ ‘ಹಿಮಪಾತಕ್ಕೆ ಸಿಲುಕಿ’ ಮೃತಪಟ್ಟರು, ಹೆಲಿಕಾಪ್ಟರ್ ಬಂತು, ಶೋಧ ಮುಂದುವರಿದಿದೆ, ಪ್ರಕೃತಿ ಮುನಿದಿದೆ. ಅಷ್ಟಕ್ಕೆ ಸುದ್ದಿ ಮುಗಿಯುತ್ತದೆ. ಹಲವು ವಸಂತಗಳಲ್ಲಿ ಹಿಮದ ಬೆಟ್ಟಗಳನ್ನು ಸ್ಕೀ ಕಟ್ಟಿಕೊಂಡು ಹತ್ತಿ ಇಳಿದವನಾಗಿ, ಅದಕ್ಕಿಂತ ಹೆಚ್ಚಿನ ವರ್ಷಗಳಿಂದ ಕನ್ನಡ ಪತ್ರಿಕೆಗಳನ್ನು ಓದುತ್ತಿರುವವನಾಗಿ, ಈ ಸುದ್ದಿಗಳಲ್ಲಿ ಒಂದು ಪದ ತಪ್ಪಾಗಿರುವುದನ್ನೂ ಒಂದು ಸಂಗತಿ ಬಿಟ್ಟುಹೋಗುತ್ತಿರುವುದನ್ನೂ ತಮ್ಮ ಗಮನಕ್ಕೆ ತರಬಯಸುತ್ತೇನೆ. ತಪ್ಪಾಗಿರುವ ಪದ ‘ಹಿಮಪಾತ’. ಬಿಟ್ಟುಹೋಗುತ್ತಿರುವ ಸಂಗತಿ, ಅವಘಡ ನಡೆದ ಹೊತ್ತು.

ಆಕಾಶದಿಂದ ಹಿಮ ಉದುರುವುದು ಹಿಮಪಾತ. ಬೆಟ್ಟದ ಮೈಮೇಲೆ ತಿಂಗಳುಗಟ್ಟಲೆ ಪದರಪದರವಾಗಿ ಕೂತಿದ್ದ ಹಿಮ ಹಿಡಿತ ತಪ್ಪಿ ಕೆಳಕ್ಕೆ ಜಾರುವುದು ಹಿಮಕುಸಿತ. ಗುಡ್ಡ ಜರಿದು ಮನೆಗಳ ಮೇಲೆ ಬಿದ್ದಾಗ ನಾವು ಅದನ್ನು ಭೂಕುಸಿತ ಎಂದೇ ಬರೆಯುತ್ತೇವೆ, ‘ಮಳೆಗೆ ಸಿಲುಕಿ’ ಎಂದು ಬರೆಯುವುದಿಲ್ಲ. ಹಿಮದ ವಿಷಯದಲ್ಲಿ ಮಾತ್ರ ಎರಡನ್ನೂ ಒಂದೇ ಪದದ ಕೆಳಗೆ ತುರುಕುತ್ತೇವೆ. ಇದು ಭಾಷೆಯ ಮಡಿವಂತಿಕೆಯ ಮಾತಲ್ಲ. ಹಿಮಪಾತ ಎಂದು ಓದಿದವರ ಕಣ್ಣಮುಂದೆ ಬರುವುದು ಕವಿದ ಆಕಾಶ, ಬಿರುಗಾಳಿ, ಎದುರಿನ ದಾರಿ ಕಾಣದ ಬಿಳಿ ಮುಸುಕು. ವಸಂತದ ಹಿಮಕುಸಿತಗಳಲ್ಲಿ ಬಹಳಷ್ಟು ನಡೆಯುವುದು ಅದಕ್ಕೆ ತದ್ವಿರುದ್ಧವಾದ ದಿನಗಳಲ್ಲಿ: ಮೋಡದ ತುಣುಕೂ ಇಲ್ಲದ ನೀಲಿ ಆಕಾಶ, ಅಂಗಿಯ ತೋಳು ಮಡಿಸಿಕೊಳ್ಳಬೇಕೆನಿಸುವ ಬಿಸಿಲು, ಛಾಯಾಚಿತ್ರಕ್ಕೆ ಹೇಳಿಮಾಡಿಸಿದಂಥ ಬೆಳಕು. ಹೀಗಾಗಿ ಈ ಪದವನ್ನು ನಂಬಿದ ಓದುಗರು ಮುಂದೊಂದು ದಿನ ಆ ಬೆಟ್ಟಗಳಿಗೆ ಹೋದರೆ, ಅಪಾಯ ತಲೆಯ ಮೇಲಿರುವ ಹೊತ್ತಿನಲ್ಲೇ ತಾವು ಸುರಕ್ಷಿತವಾಗಿದ್ದೇವೆಂದು ತಿಳಿಯುತ್ತಾರೆ. ಮುಸುಕಿಗೂ ಇಬ್ಬನಿಗೂ ಹಿಮಕ್ಕೂ ‘ಮಂಜು’ ಎಂಬ ಒಂದೇ ಪದದಿಂದ ಕೆಲಸ ನಡೆಸಿಕೊಂಡು ಬಂದ ನಮಗೆ ಹಿಮದ ಪದಗಳು ಕಡಿಮೆಯಿರುವುದು ಸಹಜವೇ. ಆದರೆ ಇರುವ ಎರಡು ಪದಗಳನ್ನಾದರೂ ಅವುಗಳ ಜಾಗದಲ್ಲಿ ಬಳಸಬಹುದಲ್ಲವೇ?

ವಿಷಯಕ್ಕೆ ಬರುವ ಮುನ್ನ ಸ್ಕೀ ಟೂರಿಂಗ್ ಎಂದರೇನೆಂದು ಎರಡು ಮಾತು. ಕೇಬಲ್ ಕಾರಿನಲ್ಲಿ ಮೇಲಕ್ಕೆ ಹೋಗಿ, ಯಂತ್ರಗಳು ಹದಮಾಡಿಟ್ಟ ಹಾದಿಯಲ್ಲಿ ಜಾರಿ ಇಳಿಯುವ ಆಟ ಇದಲ್ಲ. ಸ್ಕೀಯ ಅಡಿಗೆ ‘ಸ್ಕಿನ್’ ಎಂಬ ಪಟ್ಟಿಯನ್ನು ಅಂಟಿಸಿಕೊಂಡು, ಬೂಟನ್ನು ಸ್ಕೀಗೆ ಬಿಗಿಯುವ ಬೈಂಡಿಂಗನ್ನು ಹಿಮ್ಮಡಿ ಮೇಲೇಳುವಂತೆ ಸಡಿಲಿಸಿಕೊಂಡು, ಗಂಟೆಗಟ್ಟಲೆ ನಡೆದು ಬೆಟ್ಟ ಹತ್ತಬೇಕು. ಆ ಪಟ್ಟಿಯ ರೋಮ ಒಂದೇ ದಿಕ್ಕಿಗೆ ಒರಗಿರುವುದರಿಂದ ಸ್ಕೀ ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರದು. ಹಿಂದೆ ಸೀಲ್ ಪ್ರಾಣಿಯ ಚರ್ಮವನ್ನೇ ಕಟ್ಟಿಕೊಳ್ಳುತ್ತಿದ್ದುದರಿಂದ ಅದಕ್ಕೆ ಆ ಹೆಸರು. ಈಗಿನದು ನೈಲಾನ್ ಅಥವಾ ಮೊಹೇರ್ ಎಂಬ ಆಡಿನ ಉಣ್ಣೆ. ತುದಿ ತಲುಪಿದ ಮೇಲೆ ಪಟ್ಟಿಯನ್ನು ಕಿತ್ತು, ಮಡಚಿ, ಹಿಮ್ಮಡಿಯನ್ನು ಬಿಗಿದು, ಯಾರೂ ಹದಮಾಡದ, ಯಾರೂ ಕಾವಲಿಲ್ಲದ ಇಳಿಜಾರಿನಲ್ಲಿ ಇಳಿಯಬೇಕು. ಎತ್ತರದ ಹಿಮನದಿಗಳ ಪ್ರವಾಸಗಳಿಗೆ ವಸಂತವೇ ಹಂಗಾಮು. ಹಗಲು ಉದ್ದವಾಗಿರುತ್ತದೆ, ಹಿಮನದಿಗಳ ಬಿರುಕುಗಳ ಮೇಲೆ ಚಳಿಗಾಲವಿಡೀ ಕೂಡಿಬಿದ್ದ ಹಿಮದ ಸೇತುವೆ ದಪ್ಪವಾಗಿರುತ್ತದೆ, ಚಳಿಗಾಲದ ದುರ್ಬಲ ಪದರಗಳಲ್ಲಿ ಹಲವು ಅಷ್ಟರಲ್ಲಿ ಗಟ್ಟಿಗೊಂಡಿರುತ್ತವೆ. ಫ್ರಾನ್ಸಿನ ಶಾಮೊನಿಯಿಂದ ಸ್ವಿಟ್ಜರ್ಲೆಂಡಿನ ಜೆರ್ಮಾಟ್‌ವರೆಗಿನ ‘ಓಟ್ ರೂಟ್’ ಎಂಬ ಪ್ರಸಿದ್ಧ ಹಾದಿಯನ್ನು 1911ರಲ್ಲಿ ಮೊದಲ ಬಾರಿಗೆ ಸ್ಕೀಯಲ್ಲಿ ದಾಟಲಾಯಿತು. ಇಂದಿಗೂ ಜನ ಅಲ್ಲಿಗೆ ಹೋಗುವುದು ಮಾರ್ಚ್ ಮಧ್ಯದಿಂದ ಮೇ ಮೊದಲ ದಿನಗಳವರೆಗೆ.

ಈ ವಸಂತದ ಹಿಮವನ್ನು ಅರಿಯಬೇಕಾದರೆ ಹಗಲಿಗಿಂತ ಮೊದಲು ಹಿಂದಿನ ರಾತ್ರಿಯನ್ನು ನೋಡಬೇಕು. ಹಗಲಿಡೀ ಬಿಸಿಲು ಕುಡಿದ ಹಿಮದ ಮೇಲ್ಪದರದಲ್ಲಿ ಕಾಳುಗಳ ನಡುವೆ ನೀರು ಸೇರಿಕೊಂಡಿರುತ್ತದೆ. ಇರುಳಿನಲ್ಲಿ ಆ ನೀರು ಹೆಪ್ಪುಗಟ್ಟಿತೆಂದರೆ ಕಾಳುಗಳು ಒಂದಕ್ಕೊಂದು ಬೆಸೆದುಕೊಂಡು ಇಡೀ ಇಳಿಜಾರಿಗೆ ಕಲ್ಲಿನಂಥ ಹೊದಿಕೆ ಬೀಳುತ್ತದೆ, ಅದರ ಮೇಲೆ ನೂರು ಜನ ನಡೆದರೂ ಅದು ಕದಲದು. ಹೆಪ್ಪುಗಟ್ಟದೆ ಉಳಿಯಿತೆಂದರೆ ಮರುದಿನದ ಬಿಸಿಲು ನಿನ್ನೆ ನಿಲ್ಲಿಸಿದಲ್ಲಿಂದಲೇ ಕೆಲಸ ಮುಂದುವರಿಸುತ್ತದೆ. ಇದನ್ನು ನಿರ್ಧರಿಸುವುದು ಗಾಳಿಯ ಉಷ್ಣಾಂಶವೊಂದೇ ಅಲ್ಲ ಎಂಬುದು ಹೊಸಬರಿಗೆ ತಿಳಿಯದ ಸಂಗತಿ. ಹಿಮ ತನ್ನ ಶಾಖವನ್ನು ಕಣ್ಣಿಗೆ ಕಾಣದ ಅವಗೆಂಪು ಕಿರಣಗಳಾಗಿ ಆಕಾಶಕ್ಕೆ ಬಿಟ್ಟುಕೊಡುತ್ತಲೇ ಇರುತ್ತದೆ. ಆಕಾಶ ತಿಳಿಯಾಗಿ, ಗಾಳಿ ಒಣಗಿದ್ದರೆ ಆ ಶಾಖ ಮರಳಿ ಬರುವುದಿಲ್ಲ. ಆಗ ಗಾಳಿಯ ಉಷ್ಣಾಂಶ ಸೊನ್ನೆಗಿಂತ ಎರಡು ಮೂರು ಡಿಗ್ರಿ ಮೇಲಿದ್ದರೂ ಹಿಮದ ಮೈ ಹೆಪ್ಪುಗಟ್ಟಬಲ್ಲುದು. ಮೋಡ ಕವಿದರೆ ಅದೇ ಮೋಡ ಕಂಬಳಿಯಂತೆ ಶಾಖವನ್ನು ಮರಳಿಸುತ್ತದೆ, ಮತ್ತು ತಕ್ಕಮಟ್ಟಿಗೆ ಚಳಿಯಿದ್ದ ರಾತ್ರಿಯೂ ಹಿಮವನ್ನು ಮೆತ್ತಗೇ ಬಿಡುತ್ತದೆ. ಆದ್ದರಿಂದಲೇ ಬಲ್ಲವರು ಬೆಳಗಿನ ಜಾವ ಎದ್ದೊಡನೆ ಉಷ್ಣಮಾಪಕವನ್ನು ನೋಡುವ ಮೊದಲು ಹೊರಗೆ ಬಂದು ತಲೆಯೆತ್ತುತ್ತಾರೆ. ನಕ್ಷತ್ರ ಕಂಡರೆ ಹೊರಡುತ್ತಾರೆ. ಕಾಣದಿದ್ದರೆ ಬೂಟಿನ ಹಿಮ್ಮಡಿಯಿಂದ ಹಿಮವನ್ನು ಒದ್ದು ನೋಡುತ್ತಾರೆ, ಮತ್ತು ಆ ಸದ್ದು ಟೊಳ್ಳಾಗಿದ್ದರೆ ಹೆಚ್ಚು ಮಾತಿಲ್ಲದೆ ಮತ್ತೆ ಹಾಸಿಗೆಗೆ ಮರಳುತ್ತಾರೆ.

ಹೆಪ್ಪುಗಟ್ಟಿದ ಆ ಹೊದಿಕೆ ಬಿಸಿಲಿಗೆ ಕೂಡಲೇ ಕರಗದಿರಲು ಕಾರಣವಿದೆ. ಒಂದು ಕಿಲೋ ಮಂಜುಗಡ್ಡೆಯನ್ನು ಕರಗಿಸಲು ಬೇಕಾಗುವ ಶಾಖ ಸುಮಾರು 334 ಕಿಲೋಜೂಲ್. ಅಷ್ಟೇ ಶಾಖದಲ್ಲಿ ಒಂದು ಕಿಲೋ ನೀರನ್ನು ಸೊನ್ನೆಯಿಂದ 80 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬಹುದು. ಜೊತೆಗೆ ಹೊಸ ಹಿಮ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಶೇ 80ರಿಂದ 90ರಷ್ಟನ್ನು ಹಿಂದಕ್ಕೆ ಎಸೆಯುತ್ತದೆ. ಹಳೆಯ, ತೇವದ, ಕೊಳೆ ಕೂತ ವಸಂತದ ಹಿಮಕ್ಕೆ ಆ ಶಕ್ತಿಯಿಲ್ಲ; ಅದು ಬಿಸಿಲಿನ ಅರ್ಧದಷ್ಟನ್ನು ಹಿಂದಿರುಗಿಸಿದರೆ ಹೆಚ್ಚು. 2021ರ ಫೆಬ್ರುವರಿ ಮೊದಲ ವಾರದಲ್ಲಿ ಸಹಾರಾ ಮರುಭೂಮಿಯ ದೂಳು ಆಲ್ಪ್ಸ್ ಪರ್ವತಗಳ ಮೇಲೆ ಬಂದಿಳಿದು ಹಿಮವನ್ನು ಕೇಸರಿ ಬಣ್ಣಕ್ಕೆ ತಿರುಗಿಸಿದ ಚಿತ್ರಗಳು ನಮ್ಮ ಪತ್ರಿಕೆಗಳಲ್ಲೂ ಅಚ್ಚಾಗಿದ್ದು ಓದುಗರಿಗೆ ನೆನಪಿರಬಹುದು. ಅಂಥ ದೂಳು ಮುಂದೆ ಬಿದ್ದ ಹಿಮದಡಿ ಮುಚ್ಚಿಹೋದರೂ ವಸಂತದಲ್ಲಿ ಮೇಲಿನದು ಕರಗಿದಂತೆ ಮತ್ತೆ ತಲೆಹಾಕುತ್ತದೆ, ಆಗ ಕರಗುವಿಕೆ ಇನ್ನಷ್ಟು ಬಿರುಸಾಗುತ್ತದೆ. ಚಿತ್ರದಡಿಯಲ್ಲಿ ‘ವಿಸ್ಮಯ’ ಎಂದು ಬರೆಯಲಾಗಿತ್ತು. ಬೆಟ್ಟದಲ್ಲಿರುವವರಿಗೆ ಅದು ಗಂಟೆಗಳ ಲೆಕ್ಕ.

ಬೆಳಗಿನ ಗಟ್ಟಿ ಹೊದಿಕೆ ಬಿಸಿಲಿಗೆ ಮೆಲ್ಲಗೆ ಸಡಿಲುವಾಗ ಒಂದು ಹದ ಬರುತ್ತದೆ. ಮೇಲಿನ ಒಂದೆರಡು ಸೆಂಟಿಮೀಟರ್ ಮಾತ್ರ ಮೆತ್ತಗಾಗಿ, ಕಲ್ಲುಪ್ಪಿನಂಥ ದುಂಡು ಹರಳುಗಳು ಒಂದರ ಮೇಲೊಂದು ಉರುಳುತ್ತಿರುತ್ತವೆ. ಅದರಡಿಯಲ್ಲಿ ಇನ್ನೂ ಗಟ್ಟಿ ನೆಲ. ಇಂಗ್ಲಿಷ್ ಬಲ್ಲ ಸ್ಕೀಗಾರರು ಇದನ್ನು ‘ಕಾರ್ನ್’ ಎನ್ನುತ್ತಾರೆ, ಜರ್ಮನ್ ನಾಡಿನವರು ‘ಫಿರ್ನ್’ ಎನ್ನುತ್ತಾರೆ. (ಹಿಮನದಿಗಳ ವಿಜ್ಞಾನಿಗಳಿಗೆ ಫಿರ್ನ್ ಎಂದರೆ ಒಂದು ಬೇಸಿಗೆಯನ್ನಾದರೂ ದಾಟಿ ಉಳಿದ ಹಳೆಯ ಹಿಮ, ಪದಗಳ ಗೊಂದಲ ನಮ್ಮೊಬ್ಬರದೇ ಅಲ್ಲ ಎಂಬ ಸಮಾಧಾನ ಇದರಲ್ಲಿದೆ.) ಆ ಹಿಮದ ಮೇಲೆ ಇಳಿಯುವ ಸುಖವನ್ನು ಇಲ್ಲಿ ವರ್ಣಿಸಲು ಹೋಗುವುದಿಲ್ಲ, ಆದರೆ ಜನ ರಾತ್ರಿ ಮೂರಕ್ಕೆ ಎದ್ದು ಬೆಟ್ಟ ಹತ್ತುವುದು ಅದಕ್ಕಾಗಿಯೇ. ಆ ಹದ ಇರುವುದು ಕೆಲವೊಮ್ಮೆ ಅರ್ಧ ಗಂಟೆ, ಕೆಲವೊಮ್ಮೆ ಎರಡು ಗಂಟೆ. ಬೇಗ ಇಳಿದರೆ ಇಳಿಜಾರು ಗಾಜಿನಂತಿರುತ್ತದೆ, ಸ್ಕೀಯ ಅಂಚು ಕಚ್ಚುವುದಿಲ್ಲ, ಬಿದ್ದವರು ನಿಲ್ಲುವುದು ಕೆಳಗಿನ ಬಂಡೆಗಳಲ್ಲಿ. ತಡಮಾಡಿದರೆ ಹಿಮದಲ್ಲಿ ಕಾಲು ಹೂತುಹೋಗುತ್ತದೆ, ಮತ್ತು ಅಲ್ಲಿಂದ ಮುಂದಿನದು ನಮ್ಮ ಕೈಯಲ್ಲಿರುವುದಿಲ್ಲ. ಉತ್ತರ ಗೋಳಾರ್ಧದಲ್ಲಿ ಈ ಹದ ಮೊದಲು ಬರುವುದು ಪೂರ್ವಕ್ಕೆ ಮುಖಮಾಡಿದ ಇಳಿಜಾರಿಗೆ, ಆಮೇಲೆ ದಕ್ಷಿಣಕ್ಕೆ, ಕೊನೆಗೆ ಪಶ್ಚಿಮಕ್ಕೆ. ಹೀಗಾಗಿ ಒಂದೇ ಬೆಟ್ಟದಲ್ಲಿ ಒಂದೇ ಗಳಿಗೆಯಲ್ಲಿ ಪೂರ್ವದ ಮೈ ಕೊಳೆತಿರಬಹುದು, ದಕ್ಷಿಣದ್ದು ಹದವಾಗಿರಬಹುದು, ಪಶ್ಚಿಮದ್ದು ಇನ್ನೂ ಕಬ್ಬಿಣದಂತಿರಬಹುದು.

ಎಷ್ಟು ನೀರು ಸೇರಿತೆಂಬುದನ್ನು ಅರಿಯಲು ಯಂತ್ರ ಬೇಕಿಲ್ಲ, ಕೈಗವಸು ಸಾಕು. ಹಿಮವನ್ನು ಹಿಡಿಯಲ್ಲಿ ಮೆಲ್ಲಗೆ ಅದುಮಿದಾಗ ಅಂಟಿಕೊಂಡು ಉಂಡೆಯಾಗುವುದಾದರೆ ಅದು ತೇವಗೊಂಡಿದೆ, ಗಾತ್ರದಲ್ಲಿ ನೀರಿನ ಪಾಲು ಶೇ 3ಕ್ಕಿಂತ ಕಡಿಮೆ. ಸಾಧಾರಣವಾಗಿ ಹಿಂಡಿದಾಗಲೇ ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿದರೆ ಪಾಲು ಶೇ 8ನ್ನು ದಾಟಿದೆ. ಹಿಮ ವಿಜ್ಞಾನಿಗಳ ಅಂತರರಾಷ್ಟ್ರೀಯ ವರ್ಗೀಕರಣದಲ್ಲೇ ಈ ಹಿಂಡಿ ನೋಡುವ ಪರೀಕ್ಷೆಗೆ ಜಾಗವಿದೆ. ತೀರ ಅಲ್ಪ ನೀರು ಕಾಳುಗಳನ್ನು ಒಂದಕ್ಕೊಂದು ಎಳೆದು ಹಿಡಿಯುತ್ತದೆ. ಪಾಲು ಹೆಚ್ಚಿದಂತೆ ಅದೇ ನೀರು ಕಾಳುಗಳ ಬೆಸುಗೆಯನ್ನು ಕರಗಿಸಿ ಬಿಡಿಸುತ್ತದೆ. ಬಂಡೆಗಳ ಬುಡದಿಂದ ಸಣ್ಣ ಹಿಮದುಂಡೆಗಳು ತಮ್ಮಷ್ಟಕ್ಕೆ ಉರುಳಿ, ಉರುಳುತ್ತಾ ಚಾಪೆ ಸುತ್ತಿದಂತೆ ದಪ್ಪವಾಗಿ, ಇಳಿಜಾರಿನಲ್ಲಿ ಗೆರೆ ಎಳೆದುಕೊಂಡು ಹೋಗುವುದು ಕಂಡರೆ ಕೈಗವಸಿನ ಪರೀಕ್ಷೆಯ ಅಗತ್ಯವೂ ಇಲ್ಲ.

ನಾನು ಇದನ್ನು ಕಲಿತದ್ದು ತಡವಾಗಿ. ಒಂದು ವಸಂತದಲ್ಲಿ ನಾವು ಐವರು ಕಣಿವೆಯೊಂದರಿಂದ ಬೆಟ್ಟದ ಕತ್ತಿನವರೆಗೆ, ಅಂದರೆ ಎರಡು ಶಿಖರಗಳ ನಡುವಿನ ತಗ್ಗಿನವರೆಗೆ, ಹತ್ತುತ್ತಿದ್ದೆವು. ಒಂಬತ್ತೂವರೆಗೆ ಮೇಲಿರಬೇಕಿತ್ತು. ಒಬ್ಬರ ಸ್ಕಿನ್‌ನ ಅಂಟು ತೇವಗೊಂಡು ಹತ್ತು ಹತ್ತು ನಿಮಿಷಕ್ಕೊಮ್ಮೆ ಕಳಚಿಕೊಳ್ಳುತ್ತಿತ್ತು. ಅದನ್ನು ಅಂಗಿಯೊಳಗೆ ಮೈಗೆ ಒತ್ತಿ ಒಣಗಿಸಿಕೊಳ್ಳುವುದು, ಮತ್ತೆ ಅಂಟಿಸುವುದು, ಮತ್ತೆ ಕಳಚುವುದು. ಕತ್ತು ಮುಟ್ಟಿದಾಗ ಹನ್ನೊಂದೂವರೆ. ಬೆಳಿಗ್ಗೆ ಸ್ಕೀ ಕೋಲಿನ ಮೊನೆ ಟಣ್ಣೆಂದು ಪುಟಿಯುತ್ತಿದ್ದ ಹಿಮದಲ್ಲಿ ಈಗ ಅದೇ ಕೋಲು ಹಿಡಿಯವರೆಗೆ ಸದ್ದಿಲ್ಲದೆ ಇಳಿಯಿತು. ನಾವು ಇಳಿಯಬೇಕಾದ ಮೈ ಪೂರ್ವಕ್ಕಿತ್ತು. ತಂಡದ ಮುಂದಾಳು ಹಿಂದಿರುಗೋಣ ಎನ್ನಲಿಲ್ಲ, ಉಳಿದ ನಾಲ್ವರಲ್ಲಿ ನಾನೂ ಸೇರಿ ಯಾರೂ ಆ ಮಾತೆತ್ತಲಿಲ್ಲ. ಎಲ್ಲರೂ ಇನ್ನೊಬ್ಬರು ಎತ್ತಲೆಂದು ಕಾದೆವು. ಮೂರನೆಯವರು ಇಳಿಯುತ್ತಿದ್ದಾಗ ಮೇಲಿನ ಬಂಡೆಯ ಬುಡದಲ್ಲಿ ತಟ್ಟೆಯಗಲದ ಹಿಮ ಕದಲಿತು. ಅದು ಕೆಳಗಿಳಿಯುತ್ತಾ ಬೀಸಣಿಗೆಯಂತೆ ಅಗಲವಾಯಿತು. ವೇಗವೇನೂ ಹೆಚ್ಚಿರಲಿಲ್ಲ, ಜೋರಾಗಿ ನಡೆಯುವವರಷ್ಟೇ. ಆದರೆ ಅದರಿಂದ ಪಕ್ಕಕ್ಕೆ ಸರಿಯಲು ಆ ಗೆಳೆಯನ ಸ್ಕೀ ಹೂತುಹೋಗಿತ್ತು. ಸೊಂಟದವರೆಗೆ ಹುಗಿದು, ಐವತ್ತು ಮೀಟರ್ ಕೆಳಗೆ ತಂದು ನಿಲ್ಲಿಸಿತು. ಹೊಸದಾಗಿ ಬಿದ್ದ ಒಣ ಹಿಮ ಒಂದು ಘನ ಮೀಟರಿಗೆ 50ರಿಂದ 100 ಕಿಲೋ ತೂಗಿದರೆ ವಸಂತದ ತೇವದ ಹಿಮ 300ರಿಂದ 500 ಕಿಲೋ ತೂಗುತ್ತದೆ, ಮತ್ತು ನಿಂತ ಕ್ಷಣದಲ್ಲೇ ಬಿಗಿದುಕೊಳ್ಳುತ್ತದೆ. ಮುಖ ಮೇಲಿದ್ದು, ಮಾತಾಡುತ್ತಲೇ ಇದ್ದ ಒಬ್ಬ ಮನುಷ್ಯನ ಎರಡು ಕಾಲುಗಳನ್ನು ಬಿಡಿಸಲು ಮೂರು ಸಲಿಕೆಗಳಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಸಲಿಕೆ ಹಿಮಕ್ಕೆ ಬಿದ್ದಾಗ ಬರುತ್ತಿದ್ದ ಸದ್ದು ಜಲ್ಲಿಗೆ ಬಿದ್ದಂತಿತ್ತು. ಮೊಣಕಾಲು ತಿರುಚಿದ್ದರಿಂದ ಅವರನ್ನು ಹೆಲಿಕಾಪ್ಟರಿನಲ್ಲಿ ಸಾಗಿಸಬೇಕಾಯಿತು.

ಆ ಘಟನೆ ಕನ್ನಡದ ಒಂದು ಪತ್ರಿಕೆಯಲ್ಲಿ ಎರಡು ಸಾಲಿನ ಸುದ್ದಿಯಾಯಿತು: ‘ಅನಿರೀಕ್ಷಿತ ಹಿಮಪಾತ, ಸ್ಕೀ ಪ್ರವಾಸಿಗೆ ಗಾಯ’. ಅದಕ್ಕೆ ಹಿಂದಿನ ನಾಲ್ಕು ದಿನಗಳಲ್ಲಿ ಆಕಾಶದಿಂದ ಒಂದು ಎಳೆ ಹಿಮವೂ ಬಿದ್ದಿರಲಿಲ್ಲ. ಅನಿರೀಕ್ಷಿತವೂ ಆಗಿರಲಿಲ್ಲ, ಆ ಹೊತ್ತಿನಲ್ಲಿ ಆ ಮುಖದ ಇಳಿಜಾರು ಜಾರದಿದ್ದರೆ ಅದೇ ಅನಿರೀಕ್ಷಿತ. ತಪ್ಪು ನಮ್ಮದಾಗಿತ್ತು, ಸುದ್ದಿ ಅದನ್ನು ಆಕಾಶದ ತಲೆಗೆ ಕಟ್ಟಿತು. ನನ್ನ ತಕರಾರಿನ ಮೂಲ ಇದೇ.

ಹಾಗೆಂದು ಎಲ್ಲವೂ ಗಡಿಯಾರದ ಮುಳ್ಳಿನಂತೆ ನಡೆಯುತ್ತದೆ ಎಂದು ನಾನು ವಾದಿಸಿದರೆ ಅದೂ ಸುಳ್ಳಾಗುತ್ತದೆ. ಹುಲ್ಲು ಮಲಗಿದ ನುಣುಪು ಇಳಿಜಾರಿನಲ್ಲಿ ಇಡೀ ಹಿಮರಾಶಿ ಬುಡಸಮೇತ ನೆಲದ ಮೇಲೆ ತೆವಳುತ್ತಾ, ಮೇಲೆ ಬಾಯಿ ತೆರೆದಂಥ ಬಿರುಕು ಮೂಡಿಸಿಕೊಂಡು ಕೂತಿರುತ್ತದೆ. ಅದು ನಡುರಾತ್ರಿಯಲ್ಲೂ ಬೀಳಬಹುದು, ಮೂರು ವಾರ ಬೀಳದೆಯೂ ಇರಬಹುದು. ಅಂಥದರ ಕೆಳಗೆ ನಿಲ್ಲದಿರುವುದೊಂದೇ ಉಪಾಯ. ಹಿಮದ ಮೇಲೆ ಮಳೆ ಬಿದ್ದರೆ ಹೊತ್ತಿನ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಏಪ್ರಿಲಿನಲ್ಲಿ ಹೊಸ ಹಿಮ ಬಿದ್ದರೆ ಒಂದೆರಡು ದಿನ ಮತ್ತೆ ಚಳಿಗಾಲದ ನಿಯಮಗಳೇ ನಡೆಯುತ್ತವೆ, ಮತ್ತು ಆ ಹೊಸ ಹಿಮಕ್ಕೆ ಮೊದಲ ಬಿಸಿಲು ತಾಗಿದ ಗಂಟೆಯೇ ಅಪಾಯದ ಗಂಟೆ. ಶಿಖರದಂಚಿನಿಂದ ಸೂರಿನಂತೆ ಚಾಚಿಕೊಂಡ ಕಾರ್ನಿಸ್ ಎಂಬ ಹಿಮದ ಚಾಚು ಬಿಸಿಲಿಗೆ ಬಾಗಿ ಮುರಿದು ಬಿದ್ದರೆ ಅದರ ಭಾರಕ್ಕೆ ಗಟ್ಟಿ ಇಳಿಜಾರೂ ಕುಸಿಯಬಲ್ಲುದು.

ಇವೆಲ್ಲಕ್ಕಿಂತ ಮೋಸದ್ದು ಉತ್ತರಕ್ಕೆ ಮುಖಮಾಡಿದ ಇಳಿಜಾರು. ಬಿಸಿಲು ಅಲ್ಲಿಗೆ ತಡವಾಗಿ ತಲುಪುವುದರಿಂದ ಚಳಿಗಾಲದ ಒಣ ಹಿಮ ಹಾಗೇ ಉಳಿದಿರುತ್ತದೆ, ಸ್ಕೀ ಮಾಡುವವರಿಗೆ ಅದೇ ಆಮಿಷ. ಚಳಿಗಾಲದ ಆರಂಭದಲ್ಲಿ ಹಿಮ ತೆಳುವಾಗಿ ಬಿದ್ದು, ಅಡಿಯ ನೆಲ ಸೊನ್ನೆಯ ಹತ್ತಿರವಿದ್ದು ಮೇಲಿನ ಗಾಳಿ ಕೊರೆಯುತ್ತಿದ್ದ ವರ್ಷಗಳಲ್ಲಿ, ತಳದ ಹಿಮವು ಬೆಸೆದುಕೊಳ್ಳದ ದೊಡ್ಡ ಹರಳುಗಳಾಗಿ, ಕೈಯಲ್ಲಿ ಹಿಡಿದರೆ ಸಕ್ಕರೆಯಂತೆ ಸುರಿದುಹೋಗುವ ಪದರವಾಗಿ ಮಾರ್ಪಟ್ಟಿರುತ್ತದೆ. ಆ ಪದರ ತಿಂಗಳುಗಟ್ಟಲೆ ಮೇಲಿನ ಭಾರವನ್ನು ಹೇಗೋ ಹೊತ್ತುಕೊಂಡಿರುತ್ತದೆ. ವಸಂತದ ಮೊದಲ ಕರಗು ನೀರು ಮೇಲಿನಿಂದ ಬಸಿದು ಅದನ್ನು ಮುಟ್ಟಿದ ದಿನ, ಒಂದು ಇಡೀ ಬೆಟ್ಟದ ಪಕ್ಕೆ ಹಲಗೆಯಂತೆ ಕಳಚಿ ಬೀಳಬಹುದು. ಒಮ್ಮೆ ನೀರು ತಳದವರೆಗೆ ಇಳಿದು, ಹರಿದುಹೋಗಲು ದಾರಿ ಮಾಡಿಕೊಂಡು, ಇಡೀ ರಾಶಿ ಸೊನ್ನೆ ಡಿಗ್ರಿಗೆ ಬಂದು ರಾತ್ರಿ ರಾತ್ರಿ ಹೆಪ್ಪುಗಟ್ಟತೊಡಗಿದ ಮೇಲೆ ಮಾತ್ರ ನಾನು ಮೇಲೆ ಹೇಳಿದ ಹೊತ್ತಿನ ಲೆಕ್ಕವನ್ನು ನಂಬಬಹುದು. ಆ ಮೊದಲ ತೇವದ ದಿನಗಳು ಯಾವಾಗ ಬರುತ್ತವೆಂದು ಕ್ಯಾಲೆಂಡರ್ ಹೇಳುವುದಿಲ್ಲ.

ಬಿರುಗಾಳಿಯ ಪ್ರಸ್ತಾಪವನ್ನೂ ಬಿಡಲಾಗದು. 2018ರ ಏಪ್ರಿಲ್ 29ರಂದು ಅದೇ ಓಟ್ ರೂಟ್‌ನಲ್ಲಿ, ಪಿನ್ಯ್ ದಾರೊಲ್ಲಾ ಶಿಖರದ ಬಳಿ, ಹದಿನಾಲ್ಕು ಮಂದಿ ಹಠಾತ್ತನೆ ಎದ್ದ ಗಾಳಿಹಿಮದಲ್ಲಿ ದಾರಿ ಕಾಣದೆ ರಾತ್ರಿಯಿಡೀ ಬಯಲಲ್ಲಿ ಕಳೆಯಬೇಕಾಯಿತು. ಅವರಲ್ಲಿ ಏಳು ಜನ ಉಳಿಯಲಿಲ್ಲ. ತಂಗುದಾಣ ಅಲ್ಲಿಂದ ಕೆಲವೇ ನೂರು ಮೀಟರ್ ದೂರದಲ್ಲಿತ್ತು. ಅವರನ್ನು ಕೊಂದದ್ದು ಹಿಮಕುಸಿತವಲ್ಲ, ಚಳಿ. ಪದ ಒಂದೇ ಆದರೆ ಈ ಸಾವಿಗೂ ಬಿಸಿಲಿನ ನಡುಹಗಲಲ್ಲಿ ಜಾರಿದ ಇಳಿಜಾರಿನ ಸಾವಿಗೂ ಇರುವ ವ್ಯತ್ಯಾಸವನ್ನು ಓದುಗರು ಹೇಗೆ ತಿಳಿಯಬೇಕು?

ಹಾಗಾದರೆ ಸುದ್ದಿಯಲ್ಲಿ ಏನಿರಬೇಕು ಎಂದು ತಾವು ಕೇಳಬಹುದು. ಹೆಚ್ಚೇನೂ ಬೇಡ. ಎಷ್ಟು ಗಂಟೆಗೆ ನಡೆಯಿತು, ಇಳಿಜಾರು ಯಾವ ದಿಕ್ಕಿಗೆ ಮುಖಮಾಡಿತ್ತು, ಎಷ್ಟು ಕಡಿದಾಗಿತ್ತು, ಹಿಂದಿನ ರಾತ್ರಿ ಆಕಾಶ ಹೇಗಿತ್ತು ಎಂಬಿಷ್ಟನ್ನು ರಕ್ಷಣಾ ತಂಡಗಳ ಹೇಳಿಕೆಗಳಿಂದಲೂ ಹವಾಮಾನ ದಾಖಲೆಗಳಿಂದಲೂ ಸಾಮಾನ್ಯವಾಗಿ ಪಡೆಯಬಹುದು. ಕಡಿದು ಎಂದಾಗ ಗೋಡೆಯಂಥ ಜಾಗವನ್ನು ಊಹಿಸಬೇಕಿಲ್ಲ. ಹಲಗೆಯಂತೆ ಕಳಚುವ ಹಿಮಕುಸಿತಗಳು ಹೆಚ್ಚಾಗಿ ಹುಟ್ಟುವುದು 30ರಿಂದ 45 ಡಿಗ್ರಿ ಓರೆಯಲ್ಲಿ, ಅಂದರೆ ಸ್ಕೀ ಮಾಡಲು ಅತ್ಯಂತ ಹಿತವೆನಿಸುವ ಇಳಿಜಾರಿನಲ್ಲೇ.

ಇದರ ಜೊತೆಗೆ ಆ ದಿನದ ಅಪಾಯದ ಮಟ್ಟವನ್ನೂ ಬರೆಯಬೇಕು. ಯುರೋಪಿನ ದೇಶಗಳು 1993ರಿಂದ ಒಂದರಿಂದ ಐದರವರೆಗಿನ ಒಂದೇ ಅಳತೆಗೋಲನ್ನು ಬಳಸುತ್ತಿವೆ. ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿರುವ ಹಿಮ ಮತ್ತು ಹಿಮಕುಸಿತ ಸಂಶೋಧನಾ ಸಂಸ್ಥೆ 1945ರಿಂದ ಇಂಥ ಮುನ್ಸೂಚನೆಯನ್ನು ಹೊರಡಿಸುತ್ತಾ ಬಂದಿದೆ. ಪಶ್ಚಿಮ ಹಿಮಾಲಯಕ್ಕೆ ಸಂಬಂಧಿಸಿ ನಮ್ಮ ದೇಶದಲ್ಲೂ ಈ ಕೆಲಸ ನಡೆಯುತ್ತಿದೆ: 1969ರಲ್ಲಿ ಹುಟ್ಟಿದ ಹಿಮ ಮತ್ತು ಹಿಮಕುಸಿತ ಅಧ್ಯಯನ ಸಂಸ್ಥೆ 2020ರಲ್ಲಿ ಡಿಆರ್‌ಡಿಒದ ಇನ್ನೊಂದು ಪ್ರಯೋಗಾಲಯದೊಂದಿಗೆ ಸೇರಿ ಡಿಜಿಆರ್‌ಇ (ರಕ್ಷಣಾ ಭೂಮಾಹಿತಿ ಸಂಶೋಧನಾ ಸಂಸ್ಥೆ) ಆಗಿದೆ. ಈ ಅಂಕಿಗಳನ್ನು ಬರೆಯುವಾಗ ಎರಡು ಎಚ್ಚರ ಬೇಕು. ಐದರಲ್ಲಿ ಮೂರು ಎಂದರೆ ‘ಮಧ್ಯಮ’ ಎಂದು ತರ್ಜುಮೆ ಮಾಡಿಬಿಡುವ ಚಪಲ ನಮಗಿದೆ, ಆದರೆ ಸ್ವಿಟ್ಜರ್ಲೆಂಡಿನಲ್ಲಿ ಹಿಮಕುಸಿತದ ಸಾವುಗಳಲ್ಲಿ ಸುಮಾರು ಅರ್ಧದಷ್ಟು ಸಂಭವಿಸುವುದು ಮೂರನೆಯ ಮಟ್ಟ ಘೋಷಣೆಯಾದ ದಿನಗಳಲ್ಲಿ. ಎರಡನೆಯದು, ವಸಂತದ ಮುನ್ಸೂಚನೆಯಲ್ಲಿ ಬೆಳಗಿಗೊಂದು, ಮಧ್ಯಾಹ್ನಕ್ಕೊಂದು ಮಟ್ಟ ಇರುತ್ತದೆ. ಬೆಳಿಗ್ಗೆ ಒಂದು ಇದ್ದದ್ದು ಬಿಸಿಲೇರಿದಂತೆ ಮೂರಕ್ಕೆ ಏರುವುದು ಸಾಮಾನ್ಯ. ಬೆಳಗಿನ ಅಂಕಿಯನ್ನು ಮಾತ್ರ ಓದಿ ‘ಅಪಾಯ ಕಡಿಮೆಯಿದ್ದರೂ ದುರಂತ’ ಎಂದು ತಲೆಬರಹ ಕೊಟ್ಟರೆ, ಹಿಮವೂ ಮುನ್ಸೂಚನೆ ಬರೆದವರೂ ಮಾಡದ ತಪ್ಪನ್ನು ಅವರ ಮೇಲೆ ಹೊರಿಸಿದಂತಾಗುತ್ತದೆ.

ರಕ್ಷಣೆಯ ಬಗ್ಗೆಯೂ ಒಂದು ಮಾತು. ಹೆಲಿಕಾಪ್ಟರಿನ ಚಿತ್ರವೇ ಸುದ್ದಿಯ ಮುಖ್ಯ ಚಿತ್ರವಾಗುವುದರಿಂದ, ಹುಗಿದವರನ್ನು ಉಳಿಸುವುದು ಹೆಲಿಕಾಪ್ಟರ್ ಎಂಬ ಭಾವನೆ ಬಲಿಯುತ್ತದೆ. ಪೂರ್ತಿ ಹುಗಿದವರನ್ನು ಮೊದಲ ಹತ್ತು ನಿಮಿಷಗಳಲ್ಲಿ ತೆಗೆದರೆ ಹತ್ತರಲ್ಲಿ ಒಂಬತ್ತು ಜನ ಬದುಕಿರುತ್ತಾರೆ. ಅರ್ಧ ಗಂಟೆ ಕಳೆದರೆ ಆ ಲೆಕ್ಕ ಹತ್ತರಲ್ಲಿ ಮೂರರ ಆಸುಪಾಸಿಗೆ ಕುಸಿಯುತ್ತದೆ. ಹತ್ತು ನಿಮಿಷದಲ್ಲಿ ಹೆಲಿಕಾಪ್ಟರ್ ಬರುವುದು ವಿರಳ. ಅಲ್ಲೇ ನಿಂತಿರುವ ಜೊತೆಗಾರರ ಬಳಿ 457 ಕಿಲೋಹರ್ಟ್ಸ್ ತರಂಗದಲ್ಲಿ ಸಂಕೇತ ಕಳಿಸುವ ಟ್ರಾನ್ಸೀವರ್, ಹಿಮದೊಳಗೆ ಚುಚ್ಚಿ ಹುಡುಕುವ ಪ್ರೋಬ್, ಲೋಹದ ಸಲಿಕೆ ಇದ್ದವೇ, ಅವುಗಳನ್ನು ಬಳಸಲು ಅವರಿಗೆ ಬರುತ್ತಿತ್ತೇ ಎಂಬುದು ಸುದ್ದಿಯಲ್ಲಿರಬೇಕಾದ ಪ್ರಶ್ನೆ. ಅದನ್ನು ಕೇಳುವುದು ಮೃತರ ಮೇಲೆ ತಪ್ಪು ಹೊರಿಸಿದಂತೆ ಎಂದು ಕೆಲವರು ಹಿಂಜರಿಯುತ್ತಾರೆ. ರಸ್ತೆ ಅಪಘಾತದ ವರದಿಯಲ್ಲಿ ಹೆಲ್ಮೆಟ್ ಧರಿಸಿದ್ದರೇ ಎಂದು ನಾವು ಹಿಂಜರಿಯದೆ ಬರೆಯುತ್ತೇವೆ.

ಪುರವಣಿಗಳ ಪ್ರವಾಸ ಲೇಖನಗಳಿಗೂ ಇದೇ ಮಾತು ಅನ್ವಯಿಸುತ್ತದೆ. ‘ವಸಂತದಲ್ಲಿ ಹಿಮ ಗಟ್ಟಿಯಾಗಿರುವುದರಿಂದ ಸುರಕ್ಷಿತ’ ಎಂಬ ವಾಕ್ಯವನ್ನು ನಾನು ಒಂದಕ್ಕಿಂತ ಹೆಚ್ಚು ಬಾರಿ ಓದಿದ್ದೇನೆ. ಬೆಳಿಗ್ಗೆ ಎಂಟು ಗಂಟೆಗೆ ಅದು ನಿಜವಾಗಿರಬಹುದು. ಅದೇ ವಾಕ್ಯವನ್ನು ನಂಬಿ, ನಿಧಾನವಾಗಿ ತಿಂಡಿ ಮುಗಿಸಿ ಹೊರಟವರು ಹಿಮಸೇತುವೆಗಳನ್ನು ದಾಟುವ ಹೊತ್ತಿಗೆ ಸೇತುವೆಗಳೂ ಮೆತ್ತಗಾಗಿರುತ್ತವೆ. ಲೇಖಕರು ಯಾವ ಹೊತ್ತಿಗೆ ಹೊರಟು ಯಾವ ಹೊತ್ತಿಗೆ ಇಳಿದರೆಂಬುದನ್ನು ಒಂದು ಸಾಲಿನಲ್ಲಿ ಸೇರಿಸಿದರೂ ಸಾಕು.

ಸುದ್ದಿ ಸಂಸ್ಥೆಗಳ ಇಂಗ್ಲಿಷ್ ಪ್ರತಿಯನ್ನು ತಡರಾತ್ರಿ ಅವಸರದಲ್ಲಿ ಕನ್ನಡಕ್ಕೆ ತರುವ ಉಪಸಂಪಾದಕರ ಕಷ್ಟ ನನಗೆ ತಿಳಿಯದ್ದೇನಲ್ಲ. ಅವರ ಮೇಜಿನ ಮೇಲಿಡಲು ಹಿಮಪಾತ, ಹಿಮಕುಸಿತ, ಗಾಳಿಹಿಮ, ಕಾರ್ನಿಸ್, ಹಿಮಸೇತುವೆ ಮೊದಲಾದ ಇಪ್ಪತ್ತು ಪದಗಳ ಒಂದು ಪುಟವನ್ನು, ಪ್ರತಿಯೊಂದಕ್ಕೂ ಒಂದು ಸಾಲಿನ ವಿವರಣೆಯೊಂದಿಗೆ, ಬರೆದುಕೊಡಲು ನಾನು ಸಿದ್ಧನಿದ್ದೇನೆ. ತಾವು ಒಪ್ಪಿದರೆ ಮುಂದಿನ ಮಾರ್ಚ್ ತಿಂಗಳಿಗೆ ಮೊದಲು ಅದನ್ನು ಕಳುಹಿಸುತ್ತೇನೆ.

ಇತಿ,
ತಮ್ಮ ಓದುಗ